ಕನ್ನಡಿಗುಡ್ಡದ ಹೊಗೆ

ಮಧ್ಯ ಅಮೆರಿಕದ ಮಾಯಾ ಜನರಿಗೆ ಕನ್ನಡಿ ಗೊತ್ತಿತ್ತು. ಚಿನ್ನದ ಹೊಳಪಿನ ಪೈರೈಟ್ ಕಲ್ಲನ್ನು ತೆಳ್ಳಗೆ ಸೀಳಿ, ಉಜ್ಜಿ ನುಣುಪು ಮಾಡಿ, ಹಲಗೆಯ ಮೇಲೆ ಒತ್ತೊತ್ತಾಗಿ ಕೂರಿಸಿ, ಅವರ ಅರಸರು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಯಾರೋ ಒಬ್ಬರು ಒಂದು ದಿನ ಆ ಹಲಗೆಯನ್ನು ಸೂರ್ಯನತ್ತ ತಿರುಗಿಸಿ, ಬೆಳಕಿನ ಚೂರೊಂದನ್ನು ಎದುರು ಗುಡ್ಡದ ಮೇಲೆ ಕುಣಿಸಿದ್ದರೆ? ಎದುರು ಗುಡ್ಡದವರೂ ಹಾಗೆಯೇ ಕುಣಿಸಿ ಉತ್ತರ ಕೊಟ್ಟಿದ್ದರೆ? ಹಾಗಾಯಿತು ಎಂದುಕೊಳ್ಳೋಣ. ಆಗಿ ಎರಡು ತಲೆಮಾರು ಕಳೆಯಿತು ಎಂದೂ ಅಂದುಕೊಳ್ಳೋಣ. ಆಗ ಕಾಡಿನ ನಡುವಿನ ಒಂದು ಒಂಟಿ ಗುಡ್ಡದ ಬುಡದಲ್ಲಿ, ಇಶ್ನಿಕ್ ಎಂಬ ಹೆಂಗಸು, ಸುಣ್ಣದ ನೀರಿನಲ್ಲಿ ನೆನೆದ ಮುಸುಕಿನ ಜೋಳವನ್ನು ತೊಳೆದು, ಅರೆದು, ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಿರುತ್ತಾಳೆ.

"ಇವತ್ತಾದ್ರೂ ಬೇಗ ಇಳಿದು ಬಾ," ಅಂದಳು ಅತ್ತೆ. ಸೊಂಟದ ಮೇಲೆ ಕೂತಿದ್ದ ಮೊಮ್ಮಗಳು ಸಾಸಿಲ್ ಅಜ್ಜಿಯ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಳು. "ನನ್ನ ತಲೇಲಿ ಉಳಿದಿರೋದೇ ನಾಲ್ಕು ಕೂದಲು. ಅದನ್ನೂ ನಿನ್ನ ಮಗಳು ಕಿತ್ತು ಕೈಗೆ ಕೊಡ್ತಾಳೆ."

"ಸೂರ್ಯ ಇಳಿದ ಮೇಲೆ ತಾನೇ ಅತ್ತೆ, ನಾನು ಇಳಿಯೋದು."

"ಅವನಿಗೇನು. ಅವನಿಗೆ ಮೊಮ್ಮಕ್ಕಳಿಲ್ಲ."

ಇಶ್ನಿಕ್ಕಳ ಗಂಡ ಉಪ್ಪಿನ ವ್ಯಾಪಾರಿಗಳ ಜತೆ ಹೊರೆ ಹೊತ್ತು ಕರಾವಳಿಗೆ ಹೋಗಿದ್ದ. ದೊಡ್ಡ ಮಗಳು ಏಕಳನ್ನು ಯಶ್ಕಾಬ್ ಎಂಬ ಊರಿನ ಕುಂಬಾರನಿಗೆ ಕೊಟ್ಟಿದ್ದರು. ಕೆಲವು ದಿನಗಳ ನಡಿಗೆಯ ದೂರ. ಅವಳಿಗೆ ಈಗ ದಿನ ತುಂಬಿತ್ತು. ಬಾಣಂತನಕ್ಕೆ ತಾಯಿ ಹೋಗಬೇಕಿತ್ತು, ಆದರೆ ಕನ್ನಡಿಗುಡ್ಡದ ಕೆಲಸದವರಿಗೆ ಬೇಸಿಗೆಯಲ್ಲಿ ಬಿಡುವಿಲ್ಲ. ಮೋಡವಿಲ್ಲದ ಕಾಲವೇ ಅರಸರು ಮಾತಾಡುವ ಕಾಲ.

ಗುಡ್ಡದ ನೆತ್ತಿಯಲ್ಲಿ ಎರಡು ಕನ್ನಡಿಗಳಿದ್ದವು. ಒಂದು ಬಡಗಣ ಗುಡ್ಡಕ್ಕೆ ಮುಖ ಮಾಡಿತ್ತು, ಇನ್ನೊಂದು ತೆಂಕಣ ಗುಡ್ಡಕ್ಕೆ. ಕನ್ನಡಿಯ ಮುಂದೆ ಮರದ ತೆಳು ಪಟ್ಟಿಗಳ ಪರದೆ. ಪರದೆಯ ದಾರ ಎಳೆದು ಬಿಟ್ಟರೆ ಒಂದು ಮಿಂಚು: ಅದು ಚುಕ್ಕೆ, ಅಂದರೆ ಒಂದು. ಎಳೆದು ಹಿಡಿದರೆ ಉದ್ದನೆಯ ಬೆಳಕು: ಅದು ಗೆರೆ, ಅಂದರೆ ಐದು. ಮುಚ್ಚಿಟ್ಟ ಕತ್ತಲು ಚಿಪ್ಪು, ಅಂದರೆ ಸೊನ್ನೆ. ಮಕ್ಕಳು ಮಣ್ಣಿನಲ್ಲಿ ಬರೆಯುವ ಅದೇ ಲೆಕ್ಕ. ಪ್ರತಿ ಅಂಕಿಗೂ ಒಂದು ಮಾತು. ಯಾವ ಅಂಕಿಗೆ ಯಾವ ಮಾತು ಎಂಬುದು ಅರಮನೆಯ ಬರಹಗಾರರಿಗೆ ಮಾತ್ರ ಗೊತ್ತು. ನಡುವಿನ ಗುಡ್ಡಗಳವರ ಕೆಲಸ ಕಂಡದ್ದನ್ನು ಕಂಡ ಹಾಗೆ ಮುಂದಕ್ಕೆ ದಾಟಿಸುವುದಷ್ಟೆ. ದಾಟಿಸುವ ಮೊದಲು ಕಳಿಸಿದವರಿಗೇ ಅದನ್ನು ತಿರುಗಿ ತೋರಿಸಬೇಕು. ಒಂದು ಚುಕ್ಕೆ ತಪ್ಪಿದರೂ ಆ ಗುಡ್ಡದಿಂದ ಕತ್ತಲು ಬರುತ್ತದೆ, ಮೊದಲಿನಿಂದ ಶುರುಮಾಡಬೇಕು. ಮುಂದಕ್ಕೆ ದಾಟಿಸುವಾಗ ಕಾವಲಿನವನೂ ಎಣಿಸುತ್ತಾನೆ. ಹಾಗಾಗಿ ಸುಳ್ಳು ದಾಟಿಸಲು ಆಗುತ್ತಿರಲಿಲ್ಲ.

ಈ ಕೆಲಸಕ್ಕೆ ನೇಯುವ ಹೆಂಗಸರನ್ನೇ ಹುಡುಕಿ ಇಡುತ್ತಿದ್ದರು. ಎಳೆ ಎಣಿಸಿ ಎಣಿಸಿ ಪಳಗಿದ ಕೈ, ಅರ್ಥ ಕೇಳದ ಕೈ ಎಂದು ಅರಮನೆಯವರ ನಂಬಿಕೆ.

ಕಾವಲಿಗೆ ಕುಪುಲ್ ಎಂಬ ಅಧಿಕಾರಿ ಇದ್ದ. ಅರಮನೆಯಿರುವ ಹಾವಿನೂರಿನವನು, ದಪ್ಪ ಪಾದದವನು. ಸದಾ ಹಲ್ಲುನೋವು.

"ಏನು ತಂದಿದೀಯವ್ವಾ?" ಎಂದ ಅವಳು ಬಂದೊಡನೆ.

"ಮೆತ್ತಗೆ ಮಾಡಿದೀನಿ ಅಯ್ಯಾ, ಎಡಗಡೆ ಹಲ್ಲಲ್ಲೂ ಅಗೀಬಹುದು."

"ಎಡಗಡೆ ಹಲ್ಲು ಮೊನ್ನೇನೇ ಹೋಯ್ತು. ಈಗ ಬಲಗಡೆದರ ಸರದಿ."

ನಡುಹಗಲು ದಾಟುತ್ತಿದ್ದಂತೆ ಬಡಗಣ ಗುಡ್ಡ ಮಿಂಚಿತು.

ಇಶ್ನಿಕ್ ದಾರ ಹಿಡಿದಳು. ಆ ಗುಡ್ಡದ ಹೆಂಗಸನ್ನು ಅವಳು ಒಮ್ಮೆಯೂ ನೋಡಿರಲಿಲ್ಲ, ಹೆಸರೂ ತಿಳಿಯದು. ಆದರೆ ಕೈ ಗೊತ್ತಿತ್ತು. ಗೆರೆಯನ್ನು ಒಂಚೂರು ಎಳೆಯುವ ಕೈ, ಚುಕ್ಕೆಯನ್ನು ಥಟ್ಟನೆ ಬಿಡುವ ಕೈ. ಇವತ್ತು ಆ ಕೈ ತಡವರಿಸುತ್ತಿತ್ತು. ಮೊದಲು ಬಂದದ್ದು ಯಶ್ಕಾಬಿನ ಅಂಕಿ. ಕಪ್ಪ ಕಾಣಿಕೆಯ ಸುದ್ದಿಯಲ್ಲಿ ವರ್ಷವರ್ಷವೂ ಬರುವ ಅಂಕಿ, ಮಗಳ ಊರಾದ್ದರಿಂದ ಅದು ಅವಳ ಎದೆಯಲ್ಲೇ ಕೂತಿತ್ತು. ಆಮೇಲೆ ಎರಡು ಗೆರೆ, ಒಂದು ಚುಕ್ಕೆ, ಕತ್ತಲು, ಒಂದು ಗೆರೆ, ಮತ್ತೆ ಕತ್ತಲು.

ಅವಳ ಬೆರಳು ಅದನ್ನು ಹಿಂದಕ್ಕೆ ತೋರಿಸಿತು. ತೆಂಕಣಕ್ಕೆ ತಿರುಗಿ ದಾಟಿಸಿತು. ದಾಟಿಸಿ ಮುಗಿದ ಮೇಲೆ ಅವಳು ಅದನ್ನು ಮತ್ತೊಮ್ಮೆ ಬೆರಳಲ್ಲಿ ಎಣಿಸಿದಳು.

ಈ ನೇಯ್ಗೆ ಅವಳಿಗೆ ಗೊತ್ತಿತ್ತು. ಗೆರೆಗೆ ಕೆಂಪು, ಚುಕ್ಕೆಗೆ ಬಿಳಿ: ಎರಡು ಕೆಂಪು, ಒಂದು ಬಿಳಿ, ಬಿಟ್ಟ ಎಳೆ, ಕೆಂಪು, ಬಿಟ್ಟ ಎಳೆ. ಹಿಂದೊಂದು ಬೇಸಿಗೆಯಲ್ಲಿ ಇದೇ ವರಸೆ ಸಾಕಲ್ ಎಂಬ ಊರಿನ ಅಂಕಿಯ ಹಿಂದೆ ಬಂದಿತ್ತು. ಸುಮ್ಮನೆ ಕೈಗೆ ಹಿತವಾಗಿ ಕಂಡು ಅವಳು ಅದನ್ನು ಸೊಂಟಕ್ಕೆ ಕಟ್ಟಿ ನೇಯುವ ಮಗ್ಗದಲ್ಲಿ ಅಂಚಾಗಿ ನೇಯ್ದೂ ಇದ್ದಳು. ಆ ಮಾತು ಮೂರು ದಿನ ಮೂರು ಸಲ ಬಂತು. ನಾಲ್ಕನೆಯ ದಿನ ತೆಂಕಣ ದಿಕ್ಕಿನಲ್ಲಿ ಆಕಾಶ ಕೆಂಪಾಯಿತು. ವಾರ ಕಳೆದ ಮೇಲೆ ಸಾಕಲ್ಲಿನ ಜನ ಸುಟ್ಟ ಕಾಲು ಎಳೆಯುತ್ತಾ, ಮಕ್ಕಳನ್ನು ಹೊತ್ತು, ಇವರ ಗುಡ್ಡದ ಬುಡಕ್ಕೆ ನೀರು ಕೇಳಿಕೊಂಡು ಬಂದರು.

"ಯಾಕವ್ವಾ, ಮುಖ ಹಾಗಾಯ್ತು?" ಕುಪುಲ್ ಕೇಳಿದ.

"ಬಿಸಿಲು ಅಯ್ಯಾ."

ಸಂಜೆ ಕನ್ನಡಿ ಮುಚ್ಚುವ ಮೊದಲು, ಕಡೆಯ ಬಿಸಿಲಲ್ಲಿ, ಗುಡ್ಡದ ಹೆಂಗಸರು ಒಬ್ಬರಿಗೊಬ್ಬರು ಒಂದೇ ಒಂದು ಚುಕ್ಕೆ ಮಿಂಚಿಸುತ್ತಿದ್ದರು. ಅದು ಅರಮನೆಯ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿದೆ, ನಿಮ್ಮಲ್ಲಿ? ಅಷ್ಟೇ. ಅದಕ್ಕೆ ಉತ್ತರವೂ ಒಂದು ಚುಕ್ಕೆ. ಚುಕ್ಕೆ ಬರದಿದ್ದರೆ ಆ ಮನೆಯಲ್ಲಿ ಸಾವೋ ಕೇಡೋ ಆಗಿದೆ ಎಂದು ತಿಳಿಯಬೇಕು. ಆ ಸಂಜೆ ಇಶ್ನಿಕ್ ಎಂದಿನಂತೆ ಚುಕ್ಕೆ ಮಿಂಚಿಸಿಯೇ ಇಳಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಅಡುಗೆಮನೆಯಲ್ಲಿ ಅತ್ತೆಗೆ ಹೇಳುವಾಗ ಅವಳ ಕೈ ಹಿಟ್ಟು ನಾದುವುದನ್ನು ಬಿಡಲಿಲ್ಲ.

"ಅಂಥದ್ದೇನು ಮಾಡಿದ್ರು ಯಶ್ಕಾಬಿನೋರು?" ಅತ್ತೆ ಮೆಲ್ಲಗೆ ಕೇಳಿದಳು.

ಅವರು ಮಾಡಿದ್ದು ಇಷ್ಟೆ. ಹಾವಿನ ಲಾಂಛನದ ಅರಸರು ಯಾವ ಊರನ್ನೂ ನುಂಗುತ್ತಿರಲಿಲ್ಲ. ಪ್ರತಿ ಊರಿಗೂ ಅದರದೇ ಒಡೆಯ, ಅದರದೇ ಗೋಪುರ, ಅದರದೇ ದೇವರು. ಹೊಸ ಒಡೆಯ ಪಟ್ಟಕ್ಕೆ ಬಂದಾಗ, ಇದು ಹಾವಿನರಸರ ಉಸ್ತುವಾರಿಯಲ್ಲಿ ನಡೆಯಿತು ಎಂದು ಕಲ್ಲಿನಲ್ಲಿ ಒಂದು ಮಾತು ಕೆತ್ತಿಸಬೇಕು. ಒಡೆಯನ ಮಗನನ್ನು ಚಿಕ್ಕಂದಿನಲ್ಲೇ ಹಾವಿನೂರಿಗೆ ಕಳಿಸಬೇಕು, ಅವನು ಅಲ್ಲೇ ಉಂಡು ಅಲ್ಲೇ ಬೆಳೆಯಬೇಕು. ಹಿಂದೆ ಉಸ್ತುವಾರಿಯೆಂದರೆ ಬೇಸಿಗೆಗೊಮ್ಮೆ ಬಂದುಹೋಗುವ ಪಲ್ಲಕ್ಕಿ. ಉಳಿದ ಕಾಲ ಊರು ತನ್ನ ಪಾಡಿಗೆ ತಾನು. ದಾರಿ ಕೆಸರಾಗಿತ್ತು, ಹೊರೆಯಾಳಿಗೆ ಜ್ವರ ಬಂತು, ಕೋಕೋ ಬೀಜಕ್ಕೆ ಬೂಸ್ಟು ಹಿಡಿಯಿತು ಎಂದು ನೆಪ ಹೇಳಿ ಹೇಗೋ ನಡೆದುಹೋಗುತ್ತಿತ್ತು. ಆ ದೂರದಲ್ಲೇ ಸಣ್ಣ ಊರುಗಳು ಉಸಿರಾಡುತ್ತಿದ್ದವು. ಕನ್ನಡಿ ಬಂತು, ದೂರ ಇಲ್ಲವಾಯಿತು. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆಗೆ ಉತ್ತರ ಕೊಡಬೇಕಾಯಿತು.

ಯಶ್ಕಾಬಿನ ಮುದಿ ಒಡೆಯ ತೀರಿಕೊಂಡಿದ್ದ. ಊರಿನ ಹಿರಿಯರು ಚಾಪೆಮನೆಯಲ್ಲಿ ಸೇರಿದರು. ಚಾಪೆ ಹಾಸಿ ಸುತ್ತ ಕೂತು ಊರಿನ ಮಾತು ತೀರ್ಮಾನಿಸುವ ಮನೆ ಅದು. ಹಾವಿನೂರಿನಲ್ಲಿ ಬೆಳೆದ ಮಗನ ಮುಖ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ತವನ ತಂಗಿಯನ್ನು ಎಲ್ಲರೂ ಬಲ್ಲರು, ಕೆರೆಯ ಹೂಳು ತೆಗೆಸಿದವಳು. ಅವಳನ್ನೇ ಚಾಪೆಯ ಮೇಲೆ ಕೂರಿಸಿದರು. ಹಾವಿನರಸರನ್ನು ಕೇಳಿ ಕೂರಿಸಲಿಲ್ಲ, ಕೂರಿಸಿ ಹೇಳಿದರು. ಏಕ ಇದನ್ನೆಲ್ಲ ಉಪ್ಪಿನವರ ಬಾಯಲ್ಲಿ ತಾಯಿಗೆ ಹೇಳಿಕಳಿಸಿದ್ದಳು. ಹೊಸ ಒಡತಿ ಬಂದಮೇಲೆ ಮಡಕೆಗೆ ಗಿರಾಕಿ ಹೆಚ್ಚಿದೆ ಎಂದು ಖುಷಿಯಿಂದ.

"ದಂಡು ಎಲ್ಲಿಂದ ಹೊರಡ್ತದೆ?" ಅತ್ತೆ ಮತ್ತೆ ಕೇಳಿದಳು.

"ತಮಾಕಿಂದ. ಯಶ್ಕಾಬಿನ ಮಗ್ಗುಲೂರು. ಅಲ್ಲಿನ ಒಡೆಯ ಹಾವಿನೋರ ನೆಂಟ. ಮಾತು ಹೋಗಿ ತಲುಪಬೇಕಷ್ಟೆ."

"ಇವತ್ತು ತಲುಪಲಿಲ್ವಾ ಮತ್ತೆ?"

"ಊರು ಸುಡೋ ಮಾತು ಮೂರು ದಿನ, ಒಂದರ ಹಿಂದೆ ಒಂದು ಹೇಳಬೇಕು ಅತ್ತೆ. ಆಗಲೇ ಅದು ಅಪ್ಪಣೆ. ಎಂದೋ ಯಾವುದೋ ಗುಡ್ಡದಲ್ಲಿ ಒಂದು ಚುಕ್ಕೆ ಹೆಚ್ಚಾಗಿ ಬೇರೆ ಊರು ಸುಟ್ಟೋಗಿತ್ತಂತೆ. ಆಮೇಲೆ ಈ ಕಟ್ಟಳೆ ಮಾಡಿದ್ರಂತೆ. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ."

ಅತ್ತೆ ಬಾಗಿಲಾಚೆ ಆಕಾಶ ನೋಡಿದಳು. ಗಾಳಿಯಲ್ಲಿ ತೇವದ ವಾಸನೆ ಸುಳಿಯುತ್ತಿತ್ತು. ಮಳೆ ಹತ್ತಿರವಿತ್ತು. ಮಳೆ ಬಿದ್ದರೆ ದಂಡಿನಾಳು ಬಿತ್ತನೆಗೆ ಮನೆ ಸೇರುತ್ತಾನೆ, ಯಾವ ಅರಸನೂ ಅವನನ್ನು ಹಿಡಿದು ನಿಲ್ಲಿಸಲಾರ.

"ಮೋಡ ಬಂದರೆ ಕನ್ನಡಿ ಕುರುಡು, ಅಲ್ವಾ?"

"ಮೋಡಕ್ಕೆ ಯಾರೂ ಶಿಕ್ಷೆ ಕೊಡೋದಿಲ್ಲ. ಆದರೆ ಬರಬೇಕಲ್ಲ."

ಅತ್ತೆಯ ಕಣ್ಣು ಆಕಾಶದಿಂದ ಇಳಿದು ಹೊಲಗಳ ಕಡೆ ಹೋಯಿತು. ಸಾಸಿಲ್ ಹಿಟ್ಟಿನ ಉಂಡೆಯೊಂದನ್ನು ಕದ್ದು ಟರ್ಕಿಕೋಳಿಗೆ ಹಾಕುತ್ತಿದ್ದಳು. ಯಾರೂ ಗದರಿಸಲಿಲ್ಲ.

ಎರಡನೆಯ ದಿನವೂ ಅದೇ ಹೊತ್ತಿಗೆ ಅದೇ ಮಾತು ಬಂತು. ಈ ಸಲ ಇಶ್ನಿಕ್ ಹಿಂದಕ್ಕೆ ತೋರಿಸುವಾಗ ಒಂದು ಚುಕ್ಕೆ ತಪ್ಪಿತು. ಬೇಕೆಂದಲ್ಲ. ಬಡಗಣದಿಂದ ಕತ್ತಲು ಬಂತು, ಮತ್ತೆ ಮೊದಲಿನಿಂದ. ಕುಪುಲ್ ಎದ್ದು ಬಂದು ಅವಳ ಹಿಂದೆ ನಿಂತ. ಅವನು ನಿಂತಿದ್ದಾಗ ಅವಳು ಸರಿಯಾಗಿ ತೋರಿಸಿ, ತೆಂಕಣಕ್ಕೂ ದಾಟಿಸಿದಳು.

"ಇದುವರೆಗೆ ನೀನು ತಪ್ಪು ಮಾಡಿದ್ದನ್ನ ನಾನು ನೋಡಿರಲಿಲ್ಲ," ಅಂದ.

"ಅಯ್ಯಾ, ನಿಮಗೆ ಇದರ ಅರ್ಥ ಗೊತ್ತಾ?"

"ನಂಗೆ ಅರ್ಥ ಹೇಳಿದ್ದರೆ ಈ ಗುಡ್ಡದ ಮೇಲೆ ಕೂರಿಸ್ತಿದ್ರಾ? ಅರ್ಥ ಗೊತ್ತಿರೋರು ನೆರಳಲ್ಲಿ ಕೂತು ಕೋಕೋ ಕುಡೀತಾರೆ." ಅವನು ದವಡೆ ಒತ್ತಿಕೊಂಡ. "ನಿನಗೂ ಗೊತ್ತಿಲ್ಲ. ಗೊತ್ತಾಯ್ತಲ್ಲ?"

"ನನ್ನ ಮಗಳು ಯಶ್ಕಾಬಲ್ಲಿದಾಳೆ."

ಕುಪುಲ್ ದವಡೆಯಿಂದ ಕೈ ತೆಗೆದ. "ಇದನ್ನ ನನಗೆ ಯಾಕೆ ಹೇಳಿದೆ?" ಅಂದ. ಸಿಟ್ಟಿರಲಿಲ್ಲ, ದಣಿವಿತ್ತು. "ಹೇಳಬಾರದಿತ್ತು."

ಆ ಸಂಜೆ ಬಡಗಣದಿಂದ ಚುಕ್ಕೆ ಬಂತು. ಇಶ್ನಿಕ್ ದಾರ ಹಿಡಿದವಳು ಎಳೆಯಲಿಲ್ಲ. ಬಡಗಣದವಳು ಕಾದಳು. ಮತ್ತೊಮ್ಮೆ ಮಿಂಚಿಸಿದಳು, ಈ ಸಲ ನಿಧಾನವಾಗಿ, ಕೇಳುವಂತೆ. ಇಶ್ನಿಕ್ ಕತ್ತಲಲ್ಲೇ ಉಳಿದಳು. ಬಡಗಣದವಳೂ ಎರಡು ದಿನದಿಂದ ಇದೇ ವರಸೆಯನ್ನು ದಾಟಿಸಿದ್ದಾಳೆ, ಅವಳ ಕೈಯೂ ತಡವರಿಸಿದೆ. ಅವಳಿಗೂ ಸಾಕಲ್ ನೆನಪಿರಬಹುದು, ಇಲ್ಲದಿರಬಹುದು. ಬಿಸಿಲು ಇಳಿಯಿತು. ಆಚೆ ಗುಡ್ಡದ ಕನ್ನಡಿ ತುಸು ಹೊತ್ತು ಹಾಗೇ ತೆರೆದಿದ್ದು, ಆಮೇಲೆ ಮುಚ್ಚಿಕೊಂಡಿತು.

ಇಳಿದು ಬಂದರೆ ಅಂಗಳದ ತುಂಬ ಹೆಂಗಸರು. ಅತ್ತೆ ಸೋರೆಬುರುಡೆಯಲ್ಲಿ ಗಂಜಿ ಹಂಚುತ್ತಿದ್ದಳು.

"ಕುಮರಿ ನಾಳೆ ಸುಡೋಣ," ಎನ್ನುತ್ತಿದ್ದಳು ಏನೂ ಅರಿಯದವಳ ಹಾಗೆ, ಸೌದೆ ತರೋಣ ಎಂದಷ್ಟು ಹಗುರವಾಗಿ.

ವರ್ಷವೂ ಕಾಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಬೆಂಕಿ ಕೊಟ್ಟು, ಆ ಬೂದಿಯಲ್ಲಿ ಜೋಳ ಬಿತ್ತುವುದು ಆ ಸೀಮೆಯ ಬೇಸಾಯ. ಆದರೆ ಕಡಿದ ಮರ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಹಸಿ ಇದೆಯಲ್ಲ ಹಿರಿಯಮ್ಮ," ಅಂದಳು ಒಬ್ಬಳು. "ಉರಿಯೋದಿಲ್ಲ. ಬರೀ ಹೊಗೆ ಬರ್ತದೆ."

"ಬರಲಿ."

"ಬೂದಿ ಸಾಲದು. ಬೆಳೆ ಸೊರಗ್ತದೆ."

"ಸೊರಗಲಿ. ನನ್ನ ಹೊಲದ ಜೋಳದಲ್ಲಿ ನಿನಗೂ ಪಾಲು."

"ನಿಮ್ಮ ಹೊಲವೂ ಹೊಗೆಯಾದ ಮೇಲೆ ಪಾಲು ಎಲ್ಲಿಂದ ಬರ್ತದೆ?"

ಅಲ್ಲಲ್ಲಿ ನಗು ಎದ್ದಿತು. ಅಂಚಿನಲ್ಲಿ ಕೂತಿದ್ದ ಒಬ್ಬಳು ನಗಲಿಲ್ಲ. ಸಾಕಲ್ಲಿನಿಂದ ಬಂದು ಇಲ್ಲೇ ನೆಲೆನಿಂತವಳು, ಅಂಗಾಲಿನಲ್ಲಿ ಇನ್ನೂ ಗಾಯದ ಕಲೆ. ಅವಳು ಗಂಜಿಯ ಬುರುಡೆ ಕೆಳಗಿಟ್ಟು, "ನಾನು ಮೊದಲು ಹಚ್ತೀನಿ," ಅಂದಳು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಮೂರನೆಯ ಬೆಳಿಗ್ಗೆ ಬೆಳ್ಳಿ ಮೂಡುತ್ತಿದ್ದ ಹಾಗೆ ಹೊಲಗಳಿಗೆ ಬೆಂಕಿ ಬಿತ್ತು. ಕುಮರಿ ಸುಡುವಾಗ ಸಿಳ್ಳೆ ಹಾಕಿ ಗಾಳಿಯನ್ನು ಕರೆಯುವುದು ಅವರ ಪದ್ಧತಿ, ಗಾಳಿ ಬಂದರೆ ಬೆಂಕಿ ಚೆನ್ನಾಗಿ ಹಬ್ಬುತ್ತದೆ. ಅತ್ತೆ ಕೋಲು ಹಿಡಿದು ಒಂದು ಹೊಲದಿಂದ ಇನ್ನೊಂದಕ್ಕೆ ಓಡಾಡಿದಳು. "ಇವತ್ತು ಯಾರಾದ್ರೂ ಸಿಳ್ಳೆ ಹಾಕಿದ್ರೆ ಹಲ್ಲು ಉದುರಿಸ್ತೀನಿ. ಗಾಳಿ ಅನ್ನೋದು ಮನೇಲೇ ಮಲಗಿರಲಿ."

ಇಶ್ನಿಕ್ ಕೆಮ್ಮುತ್ತಾ ಗುಡ್ಡ ಹತ್ತಿದಳು. ಮೇಲೆ ಬೂದುಬಣ್ಣದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಬಡಗಣವಿಲ್ಲ, ತೆಂಕಣವಿಲ್ಲ. ಸೂರ್ಯ ಕೆಂಪು ಬಿಲ್ಲೆಯಾಗಿ ತೂಗುತ್ತಿದ್ದ.

ಕುಪುಲ್ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ಕೂತಿದ್ದ. "ನಿಮ್ಮೂರಿನೋರಿಗೆ ಕಾಲ ಮುಂಚಿತವಾಗಿ ಬಂದ ಹಾಗಿದೆ," ಅಂದ.

"ಮಳೆ ಬೇಗ ಬರ್ತದೆ ಅಂತ ಹಿರಿಯರು ಹೇಳಿದ್ರು ಅಯ್ಯಾ."

"ಯಾವ ಹಿರಿಯರು?"

"ನಮ್ಮತ್ತೆ."

ಅವನು ನಗಲಿಕ್ಕೆ ಹೋಗಿ ಕೆಮ್ಮಿದ. ಬೇರೆ ಉಪಾಯವೂ ಅವನಿಗಿರಲಿಲ್ಲ. ಹಿಂದಿನ ಕಾಲವಾಗಿದ್ದರೆ ಸುದ್ದಿಯೊಯ್ಯುವ ಓಟಗಾರನನ್ನು ಕಳಿಸಬಹುದಿತ್ತು. ಕನ್ನಡಿ ಬಂದ ಮೇಲೆ ಅರಮನೆಯವರು ಓಟಗಾರರನ್ನು ಬಿಡಿಸಿಬಿಟ್ಟಿದ್ದರು. ದಾರಿಯ ತಂಗುಮನೆಗಳ ಹುಲ್ಲು ಜರಿದು, ಒಳಗೆ ಇರುವೆಗಳು ಗೂಡು ಕಟ್ಟಿದ್ದವು.

ನಡುಹಗಲಿಗೆ ಸ್ವಲ್ಪ ಮುಂಚೆ ಗಾಳಿ ಎದ್ದಿತು.

ಯಾರೂ ಕರೆಯದ ಗಾಳಿ. ಮಳೆಯ ಮುಂದೆ ಓಡಿಬರುವಂಥದ್ದು. ಮೊದಲು ಇಶ್ನಿಕ್ಕಳ ಕೂದಲು ಅಲುಗಿತು, ಆಮೇಲೆ ಕನ್ನಡಿಯ ಪರದೆ ಪಟಪಟ ಬಡಿಯಿತು. ಬೂದು ಗೋಡೆ ಸೀಳಿತು. ಬುಡದಲ್ಲಿ ಹೆಂಗಸರು ಹಸಿ ಸೊಪ್ಪು ತಂದು ತಂದು ಸುರಿಯುತ್ತಿರುವುದು ಕಂಡಿತು, ಹೊಗೆ ಏಳುತ್ತಿದ್ದಂತೆ ಗಾಳಿ ಅದನ್ನು ನೆಲಕ್ಕೆ ಒತ್ತಿ ಪಡುವಣಕ್ಕೆ ಒಯ್ಯುತ್ತಿತ್ತು. ಸೂರ್ಯ ಬೆಳ್ಳಗಾದ. ತೆಂಕಣ ಗುಡ್ಡ ನಿಚ್ಚಳವಾಗಿ ನಿಂತಿತು, ಅಲ್ಲಿನ ಕನ್ನಡಿ, ಹೇಳು ಎಂಬಂತೆ ಮಿಂಚಿತು.

"ದಾರ ಹಿಡಿ," ಅಂದ ಕುಪುಲ್.

ಅವಳು ಹಿಡಿಯಲಿಲ್ಲ.

"ಹಿಡಿಯವ್ವಾ. ತೆಂಕಣದ ಗುಡ್ಡದಲ್ಲೂ ಒಬ್ಬ ಕಾವಲಿನೋನು ಇದಾನೆ, ನಮ್ಮನ್ನ ನೋಡ್ತಿರ್ತಾನೆ. ನೀನು ಹಿಡಿಯದಿದ್ದರೆ ನಾನು ಹಿಡೀಬೇಕು. ನಂಗೆ ಬರೋದಿಲ್ಲ ಅಂತ ಅಲ್ಲ."

ಅವಳು ದಾರ ಹಿಡಿದಳು. ಬಡಗಣಕ್ಕೆ ತಿರುಗುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಏಕ ಹುಟ್ಟಿದ ದಿನ ಹೀಗೇ ಕಣ್ಣು ಮುಚ್ಚಿದ್ದು ನೆನಪಾಯಿತು, ನೋವು ಬರುವುದು ಗೊತ್ತಿದ್ದೂ ಅದನ್ನು ನೋಡಲಾರದೆ. ಕಣ್ಣು ತೆರೆದಳು.

ಬಡಗಣ ಗುಡ್ಡ ಇರಲಿಲ್ಲ.

ಇದ್ದ ಕಡೆ, ಗಾಳಿ ಇನ್ನೂ ತಲುಪದಲ್ಲಿ, ಬೆಳ್ಳನೆಯ ಹೊಗೆ ಕಂಬವಾಗಿ ನಿಂತು, ಮೇಲೆ ಹೋಗಿ ಚಪ್ಪರವಾಗಿ ಹರಡಿತ್ತು. ಅದು ಇವರ ಹೊಗೆಯಲ್ಲ. ಇವರದು ಪಡುವಣಕ್ಕೆ ಹಾರುತ್ತಿತ್ತು. ಅದು ಆ ಗುಡ್ಡದ ಬುಡದಿಂದಲೇ ಏಳುತ್ತಿತ್ತು, ಹಸಿ ಸೊಪ್ಪಿನ, ದಟ್ಟನೆಯ, ಈಗ ತಾನೇ ಹಚ್ಚಿದ ಹೊಗೆ. ಅದರಾಚೆ, ಇನ್ನೂ ದೂರದಲ್ಲಿ, ಹೆಸರು ಗೊತ್ತಿಲ್ಲದ ಇನ್ನೊಂದು ಗುಡ್ಡದ ತಲೆಯ ಮೇಲೂ ಒಂದು ಎಳೆ ಏಳುತ್ತಿತ್ತು.

ಚುಕ್ಕೆ ಬರದ ಸಂಜೆಯನ್ನು ಬಡಗಣದವಳು ಓದಿಕೊಂಡಿದ್ದಳು. ಬೆಳಿಗ್ಗೆ ಕಾಲಕ್ಕೆ ಮುಂಚೆ ಎದ್ದ ಹೊಗೆಯನ್ನೂ ಓದಿಕೊಂಡು, ಅದನ್ನು ಕಂಡ ಹಾಗೇ ಹಿಂದಿನ ಗುಡ್ಡಕ್ಕೆ ದಾಟಿಸಿದ್ದಳು.

ಇಶ್ನಿಕ್ ಕನ್ನಡಿಯ ಕಾಲು ಹಿಡಿದು ಕೂತುಬಿಟ್ಟಳು. ಕುಪುಲ್ ಹಣೆಗೆ ಕೈ ಅಡ್ಡ ಇಟ್ಟು ಬಹಳ ಹೊತ್ತು ಬಡಗಣ ನೋಡಿದ. ನೆರಳು ಉದ್ದವಾಗುವವರೆಗೂ ನೋಡಿದ. ಆಮೇಲೆ ತೆಂಕಣದ ಕನ್ನಡಿಗೆ ತಾನೇ ಹೋಗಿ, ದಪ್ಪ ಬೆರಳಿನಲ್ಲಿ ದಾರ ಎಳೆದು, ಮೋಡಕ್ಕೂ ಹೊಗೆಗೂ ಇದ್ದ, ಗುಡ್ಡದವರಿಗೂ ಗೊತ್ತಿದ್ದ ಒಂದೇ ಅಂಕಿಯನ್ನು ದಾಟಿಸಿದ: ಬಡಗಣ ಕಾಣುತ್ತಿಲ್ಲ. ಅದು ನಿಜವೇ ಆಗಿತ್ತು.

"ನಾಳೆಯಿಂದ ಮತ್ತೆ ಒಂದು," ಅಂದ ವಾಪಸು ಬಂದು ಕೂರುತ್ತಾ. "ಒಂದು ಹೇಳೋಕೂ ಸೂರ್ಯ ಬೇಕು." ಮೂಡಣದಲ್ಲಿ ಮೋಡ ಕಪ್ಪಾಗುತ್ತಿತ್ತು. "ರೊಟ್ಟಿ ತಂದಿದೀಯಾ, ಇಲ್ಲ ಅದನ್ನೂ ಸುಟ್ಟುಬಿಟ್ರಾ?"

ಅವಳು ಗಂಟು ಬಿಚ್ಚಿದಳು. ಅವನೇ ರೊಟ್ಟಿ ಮುರಿದು ಅವಳಿಗೂ ಒಂದು ಚೂರು ಕೊಟ್ಟ.

ಮರುದಿನ ಮಳೆ ಹಿಡಿಯಿತು, ಬಿಡಲಿಲ್ಲ. ತಮಾಕಿನ ಆಳುಗಳು ಈಟಿ ಮೂಲೆಗಿಟ್ಟು ಬಿತ್ತನೆಗೆ ಹೋದರು. ಯಶ್ಕಾಬಿನ ಚಾಪೆಮನೆಯವರು ಹಾವಿನೂರಿಗೆ ಕಾಣಿಕೆಯ ಜತೆ ಮಾತಿನವರನ್ನು ಕಳಿಸಿದರು, ಕೆಸರಿನ ದಾರಿಯಲ್ಲಿ, ನಿಧಾನವಾಗಿ, ಹಳೆಯ ಕಾಲದ ಹಾಗೆ. ಅತ್ತ ಹಾವಿನೂರಿನಲ್ಲಿ ಓಟಗಾರರನ್ನು ಮತ್ತೆ ಹುಡುಕುತ್ತಿದ್ದಾರಂತೆ, ತಂಗುಮನೆಗಳಿಗೆ ಹೊಸ ಹುಲ್ಲು ಹೊದಿಸುತ್ತಿದ್ದಾರಂತೆ. ಇಶ್ನಿಕ್ ಅದನ್ನು ಕೇಳಿ ಕೆಲಸ ಬಿಟ್ಟು ನಿಂತಳು, ಮತ್ತೆ ಅರೆಯಲು ಕೂತಳು. ಆ ವರ್ಷ ತೆನೆ ಅರ್ಧಕ್ಕರ್ಧ ಜಳ್ಳು. ಅತ್ತೆ ಮಾತು ಕೊಟ್ಟಂತೆ ಜಳ್ಳಿನಲ್ಲೂ ಪಾಲು ಹಾಕಿದಳು.

ಮಳೆಯ ನಡುವೆ ಒಂದು ಸಂಜೆ ಮೋಡ ಹರಿದು ಬಿಸಿಲು ಬಿತ್ತು. ಬಿಸಿಲು ಬಿದ್ದರೆ ಕನ್ನಡಿ ತೆರೆಯಬೇಕು. ಇಶ್ನಿಕ್ ಓಡಿ ಹತ್ತಿದಳು, ಸಾಸಿಲ್ ಬೆನ್ನ ಮೇಲೆ. ಬೆಳಿಗ್ಗೆ ತಾನೆ ಉಪ್ಪಿನವರ ಹೊರೆಯ ಜತೆ ಅವಳ ಗಂಡ ಬಂದಿಳಿದಿದ್ದ, ಯಶ್ಕಾಬಿನ ದಾರಿಯಾಗಿ. ಹೆಣ್ಣುಮಗುವಂತೆ. ಏಕಳಿಗೆ ಹಾಲು ಚೆನ್ನಾಗಿದೆಯಂತೆ.

ಬಡಗಣದಿಂದ ಒಂದು ಚುಕ್ಕೆ ಬಂತು. ಒಲೆ ಉರಿಯುತ್ತಿದೆ, ನಿಮ್ಮಲ್ಲಿ?

ಇಶ್ನಿಕ್ ದಾರವನ್ನು ಒಮ್ಮೆ ಎಳೆದು ಬಿಟ್ಟಳು. ಸ್ವಲ್ಪ ತಡೆದು, ಇನ್ನೊಮ್ಮೆ, ತೀರ ಚಿಕ್ಕದಾಗಿ, ಈಗಷ್ಟೇ ಕಣ್ಣು ಬಿಟ್ಟ ಕೂಸಿನ ಹಾಗೆ. ಅಂಥ ಮಾತು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಆಚೆ ಗುಡ್ಡ ಸುಮ್ಮನಿತ್ತು. ಮೋಡ ಮತ್ತೆ ಕೂಡಿಕೊಳ್ಳುತ್ತಿತ್ತು. ಬಿಸಿಲಿನ ಕೊನೆಯ ಪಟ್ಟಿ ಬಡಗಣ ಗುಡ್ಡದ ನೆತ್ತಿಯಿಂದ ಜಾರುವ ಮೊದಲು, ಕಂಡದ್ದನ್ನು ಕಂಡ ಹಾಗೆ, ಒಂದು ದೊಡ್ಡ ಚುಕ್ಕೆ ಬಂತು, ಅದರ ಹಿಂದೆಯೇ ಒಂದು ಚಿಕ್ಕದು.